ಕಡಲಿಗೆ ಹಾಕಿದ ಚರಗ

ಡಾಲ್ಫಿನ್‌ಗಳಿಗೆ ನನ್ನ ದರ್ಶನಭಾಗ್ಯವನ್ನು ಕರುಣಿಸಬೇಕೆಂದು ನಾನು ತೀರ್ಮಾನಿಸಿದ್ದು ಹುಮನಾಬಾದದ ನಮ್ಮ ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ, ಬದನೆಕಾಯಿ ಪಲ್ಯದ ಸಾಕ್ಷಿಯಲ್ಲಿ. ನಾನು ಒಮ್ಮೆ ತೀರ್ಮಾನಿಸಿದೆನೆಂದರೆ ಅದು ನಡೆಯಲೇಬೇಕು! ಮದುವೆಯಾಗಿ ಬಂದ ಮೇಲೆ, ಹಗಲೆಲ್ಲ ರೊಟ್ಟಿ ಬಡಿದು, ಸಂಜೆಯ ಶಾಲೆಯಲ್ಲಿ ಕುಳಿತು, ಅಕ್ಷರಮಾಲೆಯಿಂದ ಪದವಿಯವರೆಗೆ ಒಂದೊಂದೇ ಮೆಟ್ಟಿಲು ಹತ್ತಿ, ಈಗ ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ಬಂದು ಸರಿಯಾದ ಹೊತ್ತಿಗೆ ಕುರ್ಚಿಯಲ್ಲಿ ಕೂರುವ ಹೆಂಗಸು ನಾನು. ನನ್ನ ಮೇಜಿನ ಮೇಲೆ ಒಂದು ಕೆಂಪು ಪೆನ್ನು ಇರುತ್ತದೆ. ಅದರ ಪೆಟ್ಟು ತಿನ್ನದೆ ನಮ್ಮ ಕಚೇರಿಯಿಂದ ಒಂದು ಪತ್ರವೂ ಹೊರಬಿದ್ದದ್ದಿಲ್ಲ. ಸಾಹೇಬರ ಪತ್ರಗಳಿಗೂ ವಿನಾಯಿತಿ ಇಲ್ಲ!

ಆ ದಿನ ಪಕ್ಕದ ಮೇಜಿನ ಖುಷ್ನುಮಾ, ತಾನು ಗಂಡ-ಮಕ್ಕಳೊಡನೆ ಕಾರವಾರಕ್ಕೆ ಹೋಗಿಬಂದ ವೃತ್ತಾಂತವನ್ನು ಬಣ್ಣಿಸುತ್ತಿದ್ದಳು.

“ಬಿಲ್ಕುಲ್ ಬೋಟಿನ ಬಾಜೂಕ್ಕೇ ಜಿಗೀತ್ರಿ ಮೇಡಂ, ಇಷ್ಟ್ ದೊಡ್ಡ ಮೀನ!”

“ಮೀನಲ್ಲ, ಖುಷ್ನುಮಾ. ಸಸ್ತನಿ,” ಎಂದೆ.

“ಹೌದೇನ್ರಿ? ನೀವ್ ಯಾವಾಗ ನೋಡಿದ್ರಿ?”

ಇಡೀ ಕಚೇರಿ ಅಗಿಯುವುದನ್ನು ನಿಲ್ಲಿಸಿತು. ಡಾಲ್ಫಿನ್ ಹಾಗಿರಲಿ, ನಾನು ಸಮುದ್ರವನ್ನೇ ಕಂಡವಳಲ್ಲ. ನನ್ನ ಕಣ್ಣಿಗೆ ಬಿದ್ದ ಅತಿ ದೊಡ್ಡ ಜಲರಾಶಿಯೆಂದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆ. ಆದರೆ ಅದನ್ನು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

“ಈ ಎಳ್ಳಮಾಸಿಯ ರಜೆಯಲ್ಲಿ ನೋಡಲಿದ್ದೇನೆ. ಸಕುಟುಂಬವಾಗಿ! ಕಣ್ಣಾರೆ ಕಂಡು, ವಿಡಿಯೋ ಮಾಡಿ ತಂದು, ಇದೇ ಮೇಜಿನ ಮೇಲೆ ಪ್ರದರ್ಶಿಸುತ್ತೇನೆ. ತಪ್ಪಿದರೆ ಈ ಕೆಂಪು ಪೆನ್ನು ನಿನ್ನದು!”

“ಯಾ ಅಲ್ಲಾ! ಪೆನ್ನೇ ಕೊಡ್ತೀರಿ?”

ಹಿಂದಿನ ಮೇಜಿನಿಂದ ಯಾರೋ ಪಿಸುಗುಟ್ಟಿದರು: “ಖುಷ್ನುಮಾ, ಡಾಲ್ಫಿನ್ ಕಾಣದಂಗ ದುವಾ ಮಾಡವಾ. ಪುಣ್ಯ ಬರ್ತದ.”

ನಾನು ಕೇಳಿಸದವಳಂತೆ ರಜೆಯ ಅರ್ಜಿ ಬರೆದೆ. ‘ಸಕುಟುಂಬ ಡಾಲ್ಫಿನ್ ವೀಕ್ಷಣೆಯ ನಿಮಿತ್ತ’ ಎಂಬ ಆ ವಾಕ್ಯದಲ್ಲಿ ತಿದ್ದಲು ನನಗೇ ಏನೂ ಸಿಗಲಿಲ್ಲ.

ಮನೆಯಲ್ಲಿ ವಿಷಯ ಪ್ರಕಟಿಸಿದಾಗ ನನ್ನ ಯಜಮಾನರು, ಅಂದರೆ ಬಸವಕಲ್ಯಾಣ-ಮುಡಬಿ ನಡುವೆ ಆಟೋ ಓಡಿಸುವ ದಿಗಂಬರ, ಚಹಾದ ಬಶಿಯನ್ನು ಕೆಳಗಿಟ್ಟರು.

“ಎಳ್ಳಮಾಸಿಗೆ? ಏ ರತ್ನಾ, ಅವ್ವಗ ಯಾರ್ ಹೇಳಾವ್ರು?”

ಅದೇ ನಿಜವಾದ ಪ್ರಶ್ನೆಯಾಗಿತ್ತು. ಎಳ್ಳಮಾಸಿಯ ದಿನ ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ಕಡಬು, ಅಂಬಲಿ ಮಾಡಿ ಬುಟ್ಟಿ ಹೊತ್ತು ಹೋಗಿ, ಮೊದಲ ತುತ್ತನ್ನು ಬೆಳೆದು ನಿಂತ ಜೋಳಕ್ಕೆ ಎರಚುವುದೇ ಚರಗ. ಮುಡಬಿಯ ನಮ್ಮ ತುಂಡು ಹೊಲಕ್ಕೆ ನನ್ನ ಅತ್ತೆ ಕಮಳಾಬಾಯಿ ಒಂದು ವರ್ಷವೂ ಚರಗ ತಪ್ಪಿಸಿದವರಲ್ಲ.

“ಭೂಮಿತಾಯಿ ಬಸುರಿ ಇರೋ ಹೊತ್ತಿನಾಗ ಆಕಿಗೆ ಉಣಸೂದ್ ಬಿಟ್ಟು, ಮೀನ ನೋಡಾಕ ಹೊಂಟಿ?” ಎಂದರು ಅತ್ತೆ.

“ಮೀನಲ್ಲ ಅತ್ತಿ, ಸಸ್ತನಿ. ಅದೂ ಬಸುರಾಗುತ್ತದೆ, ಮರಿಗೆ ಹಾಲೂಡಿಸುತ್ತದೆ.”

“ಅದರ ಬಾಣಂತನ ಅದು ನೋಡ್ಕೊಂತದ. ನಮ್ಮ ಹೊಲದ್ದು ಯಾರ್ ಮಾಡ್ಬೇಕು?”

ಮಾತುಕತೆ ಮೂರು ಸಂಜೆ ನಡೆಯಿತು. ಎರಡು ದೇಶಗಳ ನಡುವಿನ ಒಪ್ಪಂದವೂ ಅಷ್ಟು ಗಂಭೀರವಾಗಿ ನಡೆದಿರಲಾರದು! ಕೊನೆಗೆ ಹೊಲದ ಚರಗವನ್ನು ಮೈದುನ ಹಾಕುವುದೆಂದೂ, ಅತ್ತೆ ಒಂದು ಬುಟ್ಟಿ ಜೊತೆಗೆ ತಂದು ಅಲ್ಲಿಯ ನೀರಿಗೆ ಚರಗ ಹಾಕುವುದೆಂದೂ ತೀರ್ಮಾನವಾಯಿತು.

“ನೀರಿಗೂ ಹಸಿವಿರ್ತದ,” ಎಂದರು ಅತ್ತೆ. ನಾನು ವೈಜ್ಞಾನಿಕವಾಗಿ ಆಕ್ಷೇಪಿಸಬಹುದಿತ್ತು. ಆಕ್ಷೇಪಿಸಿದ್ದರೆ ಟಿಕೆಟ್ ರದ್ದಾಗುತ್ತಿತ್ತು.

ಹುಮನಾಬಾದದಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಸ್ಸು. ಬುಟ್ಟಿಗೆ ಒಂದು ಪ್ರತ್ಯೇಕ ಸೀಟು ಬೇಕಾಯಿತು. ಬಸ್ಸಿನ ತುಂಬ ಭಜ್ಜಿಯ ಪರಿಮಳ ಹರಡಿ, ಕಂಡಕ್ಟರು ನಮ್ಮ ಸಾಲಿನ ಬಳಿಯೇ ಟಿಕೆಟ್ ಎಣಿಸುತ್ತ ನಿಂತುಬಿಟ್ಟ. ಅತ್ತೆ ಅವನಿಗೂ ಒಂದು ರೊಟ್ಟಿ ಕೊಟ್ಟರು. ನನ್ನ ಮಗಳು ವಿಶಾಖಾ, ಕಾಲೇಜು ಓದುವವಳು, ನಾಚಿಕೆಯಿಂದ ಕಿಟಕಿಯಾಚೆ ಮುಖ ಹಾಕಿ ಕುಳಿತಳು. ರೊಟ್ಟಿ ತನ್ನ ಸರದಿಗೆ ಬಂದಾಗ ಮಾತ್ರ ಈಚೆ ತಿರುಗಿದಳು.

ಮರುದಿನ ಬೆಳಿಗ್ಗೆ ದಂಡೆಯ ಮೇಲೆ ನಿಂತೆ. ಸಮುದ್ರ ಅಷ್ಟೊಂದು ಇರುತ್ತದೆಂದು ನನ್ನ ಯಾವ ಪಾಠದಲ್ಲೂ ಬರೆದಿರಲಿಲ್ಲ. ಒಂದು ಕ್ಷಣ ನನ್ನ ಬಾಯಲ್ಲಿ ಮಾತು ನಿಂತಿತು. ಯಜಮಾನರು ಅದನ್ನು ಗಮನಿಸಿ, “ಕಾರವಾರಕ್ಕ ಆಗಾಗ ಬರ್ಬೇಕು ನೋಡು,” ಎಂದು ಮಗಳ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ದೋಣಿಯವನ ಹೆಸರು ಪಂಡರಿ. ನಮಗೆಲ್ಲ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಡಿಸಿದ. ಯಜಮಾನರು ತಮ್ಮ ಹೊಟ್ಟೆಯನ್ನು ನೋಡಿಕೊಂಡು, “ಥೇಟ್ ಗ್ಯಾಸ್ ಸಿಲಿಂಡರ್ ಆದ್ನಿ,” ಎಂದರು. ಅತ್ತೆ ಆ ಅಂಗಿಯ ಮೇಲೆ ಸೆರಗು ಹೊದ್ದು ಕುಳಿತರು. ದೋಣಿ ಹೊರಟಿತು.

ನಾನು ಎದ್ದು ನಿಂತು ಶಿಸ್ತಿನ ಸೂಚನೆಗಳನ್ನು ಘೋಷಿಸಿದೆ: ಗದ್ದಲ ಮಾಡಕೂಡದು, ಒಂದೇ ಮಗ್ಗುಲಿಗೆ ಎಲ್ಲರೂ ಹೋಗಕೂಡದು, ನನ್ನ ಅಪ್ಪಣೆಯಿಲ್ಲದೆ ಯಾರೂ ಫೋನು ಮುಟ್ಟಕೂಡದು.

“ಅವ್ವ, ಸೆಲ್ಫಿ ಕೋಲು ನನ್ನ ಕೈಯಾಗ ಕೊಡು. ನಿನಗ ಬರಂಗಿಲ್ಲ,” ಎಂದಳು ವಿಶಾಖಾ.

“ಪದವಿಯನ್ನೇ ಸಂಜೆಯ ಶಾಲೆಯಲ್ಲಿ ಪಡೆದವಳಿಗೆ ಒಂದು ಕೋಲು ಹಿಡಿಯಲು ಬರುವುದಿಲ್ಲವೇ? ಸುಮ್ಮನೆ ಕೂಡು!”

“ಅಕ್ಕ, ಈ ಹೊತ್ತಿಗೆ ಮೀನು ಈ ಕಡೆಗೇ ಬರೋದು,” ಎಂದ ಪಂಡರಿ.

“ಮೀನಲ್ಲಪ್ಪ...”

“ಸಸ್ತನಿ!” ಎಂದು ನನ್ನ ಕುಟುಂಬ ಒಕ್ಕೊರಲಿನಿಂದ ಮುಗಿಸಿತು. ಪಂಡರಿ ಗಾಬರಿಯಾಗಿ ಎಂಜಿನ್ ನಿಧಾನ ಮಾಡಿದ.

ಬಹಳ ಹೊತ್ತು ಕಾದೆವು. ನೀರು, ನೀರು, ಮತ್ತೂ ನೀರು. ಖುಷ್ನುಮಾಳ ಕೈಯಲ್ಲಿ ಕೆಂಪು ಪೆನ್ನು ಕುಣಿಯುವುದು ಕಣ್ಣಿಗೆ ಕಟ್ಟತೊಡಗಿತು. ಅಷ್ಟರಲ್ಲಿ ಅತ್ತೆ ಬುಟ್ಟಿಯ ಬಟ್ಟೆ ಬಿಚ್ಚಿದರು.

“ಬಿಸಿಲ ಏರಾಕತ್ತದ. ಚರಗ ಹಾಕ್ತೀನಿ.” ಅವರು ಏಳಲು ಹೋದರು. ದೋಣಿ ಹೊಯ್ದಾಡಿತು.

“ಬೇಡ, ಬೀಳುತ್ತೀರಿ! ಕೊಡಿ, ನಾನೇ ಹಾಕುತ್ತೇನೆ,” ಎಂದು ಬುಟ್ಟಿಯನ್ನು ಕಸಿದುಕೊಂಡೆ.

“ನೀನು?” ಅತ್ತೆ ನನ್ನ ಮುಖವನ್ನೇ ನೋಡಿದರು. “ನೀ ಹಾಕ್ತಿ ಅಂದ್ರ ಹಾಕವಾ. ಆದ್ರ ರೀತಿ ಪ್ರಕಾರ ಹಾಕು. ಚರಗ ಹಾಕಿ ಹಿಂದ ಹೊಳ್ಳಿ ನೋಡಬಾರದು. ನೋಡಿದ್ರ ತಾಯಿ ಉಣ್ಣಂಗಿಲ್ಲ.”

ನಮ್ಮ ಮನೆತನದ ಕಟ್ಟಳೆ ಅದು. ನಾನು ನಂಬುತ್ತೇನೋ ಬಿಡುತ್ತೇನೋ, ಅದು ಬೇರೆ ಮಾತು. ಕೈಗೆತ್ತಿಕೊಂಡ ಕೆಲಸವನ್ನು ನಿಯಮದಂತೆ ಮುಗಿಸುವುದು ನನ್ನ ಸ್ವಭಾವ! ತಲೆಯ ಮೇಲೆ ಸೆರಗು ಎಳೆದುಕೊಂಡು ದೋಣಿಯ ಹಿಂತುದಿಗೆ ಹೋದೆ. ಕಡಬು, ಭಜ್ಜಿ, ಅಂಬಲಿ ಎಲ್ಲವನ್ನೂ ಕಡಲಿಗೆ ಎರಚಿದೆ. ಎಲ್ಲಿಂದಲೋ ಬಂದ ಹಕ್ಕಿಗಳ ಹಿಂಡು ಗದ್ದಲವೆಬ್ಬಿಸಿತು. ನಾನು ಮಾತ್ರ ಹಿಂದಿರುಗಿ ನೋಡದೆ, ಸೀದಾ ನಡೆದು ದೋಣಿಯ ಮುಂತುದಿಯಲ್ಲಿ ನಿಂತೆ. ಸೆಲ್ಫಿ ಕೋಲನ್ನು ಮುಂದಕ್ಕೆ ಚಾಚಿ ವಿಡಿಯೋ ಆರಂಭಿಸಿದೆ. ಬಿಸಿಲಿಗೆ ಫೋನಿನ ಪರದೆ ಬೆಳಗಿದ ಕಂಚಿನಂತೆ ಹೊಳೆಯುತ್ತಿತ್ತು. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೇನು? ಮುಂದಿರುವುದು ಸಮುದ್ರವೇ ತಾನೆ!

“ಎಲ್ಲರಿಗೂ ಕೇಳಿಸಿತಷ್ಟೆ?” ಎಂದು ಮುಂದೆ ನೋಡುತ್ತಲೇ ಗುಡುಗಿದೆ. “ಯಾರೂ ಹಿಂದಿರುಗಿ ನೋಡಕೂಡದು!”

ಅದೇ ಕ್ಷಣ ಪಂಡರಿ ಕೂಗಿದ: “ಅಕ್ಕ! ಹಿಂದೆ! ಹಿಂದೆ ನೋಡಿ!”

“ಇಲ್ಲ!”

“ಅಕ್ಕ, ಬಂದ್ವು! ಹಿಂದೆ!”

ಓದುಗ ಮಹಾಶಯರೇ, ನನ್ನ ಬುದ್ಧಿ ತಿರುಗಿತು. ನನ್ನ ಕುತ್ತಿಗೆ ತಿರುಗಲಿಲ್ಲ! ಬುದ್ಧಿ ಹೇಳುತ್ತಿತ್ತು, ‘ರತ್ನಮಾಲಾ, ನೀನು ವಿದ್ಯಾವಂತೆ, ಹೊರಳು.’ ಕುತ್ತಿಗೆ ಹೇಳುತ್ತಿತ್ತು, ‘ಅತ್ತೆಯ ಮುಂದೆ ಬುಟ್ಟಿ ಕಸಿದುಕೊಂಡವಳು ನೀನು. ಈಗ ಹೊರಳಿದರೆ ಜನ್ಮವಿಡೀ ಕೇಳಬೇಕು.’ ಕುತ್ತಿಗೆಯ ವಾದವೇ ಹೆಚ್ಚು ಸಮಂಜಸವೆನಿಸಿತು. ಬೆರಳೆತ್ತಿ, “ಹಿಂದ ನೋಡಬ್ಯಾಡ್ರಿ!” ಎಂದು ಮತ್ತೊಮ್ಮೆ ಅಬ್ಬರಿಸಿದೆ. ಕೋಪ ಬಂದರೆ ನನಗೂ ನಮ್ಮೂರ ಭಾಷೆಯೇ ಬರುವುದು. ಹಿಂದೆ ಏನೋ ದಬಾರನೆ ನೀರಿಗೆ ಬಿದ್ದ ಸದ್ದು. ಮತ್ತೊಂದು ಸದ್ದು. ನನ್ನ ಕುಟುಂಬದಿಂದ ಮಾತ್ರ ಒಂದು ಉಸಿರೂ ಇಲ್ಲ. ಎಂಥ ಶಿಸ್ತು! ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

ಕೊನೆಗೆ ಪಂಡರಿ ಸೋತ ದನಿಯಲ್ಲಿ ಹೇಳಿದ: “ಹೋದ್ವು, ಅಕ್ಕ. ಐದಾರು ಇದ್ವು. ಇಷ್ಟು ಹತ್ತಿರ ಈ ವರ್ಷ ಬಂದೇ ಇರಲಿಲ್ಲ. ಇನ್ನು ಇವತ್ತಿಗೆ ಇಲ್ಲ.”

ಈಗ ಹೊರಳಿದೆ. ನೀರು ಬಟ್ಟೆ ಹಾಸಿದಂತೆ ಸಮವಾಗಿತ್ತು.

“ನಿಮ್ಮಲ್ಲಿ ಯಾರಾದರೂ ನೋಡಿದಿರಾ?” ಎಂದು ಕೇಳಿದೆ.

ಯಜಮಾನರು ತಮ್ಮ ಚಪ್ಪಲಿಗಳನ್ನು ಪರೀಕ್ಷಿಸುತ್ತ, “ನೀ ಬ್ಯಾಡಂದ್ ಮ್ಯಾಲ ಹ್ಯಾಂಗ ನೋಡ್ಲಿ?” ಎಂದರು. ವಿಶಾಖಾ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದಳು. ಅತ್ತೆ ಖಾಲಿ ಬುಟ್ಟಿಗೆ ಬಟ್ಟೆ ಕಟ್ಟುವುದರಲ್ಲಿ ಮಗ್ನರಾಗಿದ್ದರು.

ಮರಳುವ ದಾರಿಯುದ್ದಕ್ಕೂ ನಾನು ಕಿಟಕಿಯಾಚೆಯ ಕಂಬಗಳನ್ನು ಎಣಿಸಿದೆ. ಆ ಮೂವರು ಮಾತ್ರ ಯಾಕೋ ವಿಪರೀತ ಲವಲವಿಕೆಯಿಂದಿದ್ದರು. ನಡುನಡುವೆ ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಸೆರಗು, ಕರವಸ್ತ್ರ ಅಡ್ಡ ಹಿಡಿಯುತ್ತಿದ್ದರು. ಬಸ್ಸಿನ ಪ್ರಯಾಣ ಕೆಲವರ ಹೊಟ್ಟೆಗೆ ಆಗುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ. ವಿಡಿಯೋವನ್ನು ತೆರೆಯುವ ಮನಸ್ಸಾಗಲಿಲ್ಲ. ಖಾಲಿ ನೀರನ್ನು ಎರಡನೆಯ ಸಲ ಏನು ನೋಡುವುದು?

ಸೋಮವಾರ ಊಟದ ಬಿಡುವಿನಲ್ಲಿ ಕೆಂಪು ಪೆನ್ನನ್ನು ಖುಷ್ನುಮಾಳ ಡಬ್ಬಿಯ ಪಕ್ಕದಲ್ಲಿಟ್ಟೆ. ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಅದನ್ನು ಕೊನೆಯದಾಗಿ ಒಮ್ಮೆ ಸವರಿದೆ.

“ಕಾಣಲಿಲ್ಲ,” ಎಂದೆ. “ಮಾತು ಮಾತೇ.”

“ಛೆ ಛೆ, ಬ್ಯಾಡ್ರಿ ಮೇಡಂ! ವಿಡಿಯೋದಾಗ ಏನರ ಬಂದಿರ್ಬೇಕು. ಕೊಡ್ರಿಲ್ಲೆ ಫೋನ್.”

ಬಿಡಿಸಿಕೊಳ್ಳುವ ಮೊದಲೇ ಅವಳು ಒತ್ತಿಬಿಟ್ಟಳು. ಕಚೇರಿಯೆಲ್ಲ ಅವಳ ಹೆಗಲ ಮೇಲೆ ಬಾಗಿತು. ನಾನೂ ಬಾಗಿದೆ.

ಪರದೆಯ ಮೇಲೆ ಸಮುದ್ರವಿರಲಿಲ್ಲ. ನನ್ನ ಮುಖವಿತ್ತು! ತಲೆಯ ಮೇಲೆ ಸೆರಗು, ಹುಬ್ಬು ಗಂಟು, ಬಿಗಿದ ಕುತ್ತಿಗೆ. ಕ್ಯಾಮರಾ ಮೊದಲಿನಿಂದ ಕೊನೆಯವರೆಗೂ ನನ್ನ ಕಡೆಗೇ ತಿರುಗಿತ್ತು. ಆ ಮುಖದ ಹಿಂದೆ, ದೋಣಿಯ ತುದಿಯಾಚೆ, ನೀರು ಸೀಳಿ ಒಂದು ಡಾಲ್ಫಿನ್ ಮೇಲೆದ್ದಿತು. ಬಿಲ್ಲಿನಂತೆ ಬಾಗಿ, ಮೈಯೆಲ್ಲ ಬಿಸಿಲು ಹೊಳೆಸಿ, ದಬಾರನೆ ಮುಳುಗಿತು. ಇನ್ನೊಂದು ಎದ್ದಿತು. ಜೋಡಿಯಾಗಿ ಎರಡು ಎದ್ದವು. ನನ್ನ ಮುಖ ಬೆರಳೆತ್ತಿ ಗರ್ಜಿಸುತ್ತಿತ್ತು: “ಹಿಂದ ನೋಡಬ್ಯಾಡ್ರಿ!”

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಮುಖಕ್ಕೂ ಡಾಲ್ಫಿನ್‌ಗಳಿಗೂ ನಡುವೆ ಮೂರು ಬೆನ್ನುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಯಜಮಾನರು, ಮಗಳು, ಅತ್ತೆ. ಮೂವರೂ ಪೂರ್ತಿ ಹಿಂದಕ್ಕೆ ಹೊರಳಿ ಕುಳಿತಿದ್ದರು! ಸಿಲಿಂಡರ್ ಅಂಗಿಯ ಯಜಮಾನರು ಸದ್ದಿಲ್ಲದೆ ಕುಪ್ಪಳಿಸುತ್ತಿದ್ದರು. ಅತ್ತೆ ಬುಟ್ಟಿಯ ಮೂಲೆಯಲ್ಲಿ ಉಳಿದಿದ್ದ ಒಂದು ಕಡಬನ್ನು ಡಾಲ್ಫಿನ್‌ಗೆ ತೋರಿಸಿ, ‘ಬಾ, ಬಾ’ ಎಂದು ಕೈ ಬೀಸಿ ಕರೆಯುತ್ತಿದ್ದರು.

ಕಚೇರಿಯಲ್ಲಿ ಎದ್ದ ನಗೆಗೆ ಸಾಹೇಬರು ಒಳಗಿನಿಂದ ಓಡಿಬಂದರು. ಅವರಿಗೂ ತೋರಿಸಲಾಯಿತು. ಅವರು ಎರಡು ಸಲ ನೋಡಿದರು.

“ವಿಡಿಯೋ ತೋರಿಸ್ತೀನಿ ಅಂದ್ರಿ, ತೋರಿಸಿದ್ರಿ. ಅರ್ಧಾ ಶರ್ತ್ ನಿಮ್ಮದು,” ಎಂದಳು ಖುಷ್ನುಮಾ ಕಣ್ಣೊರೆಸಿಕೊಳ್ಳುತ್ತ. “ಆದ್ರ ಕಣ್ಣಾರೆ ನೋಡ್ತೀನಿ ಅಂದಿದ್ರಿ. ಪೆನ್ ಒಂದ್ ದಿನ ನನ್ನ ಹತ್ರ ಇರ್ಲಿ, ನಾಳಿ ಕೊಡ್ತೀನಿ.”

ಪೆನ್ನಿನ ಮುಚ್ಚಳ ತೆಗೆದು, ನನ್ನ ರಜೆಯ ಅರ್ಜಿಯನ್ನು ಹುಡುಕಿ ತಂದು, ‘ಸಕುಟುಂಬ’ದ ಹಿಂದೆ ದುಂಡನೆಯ ಅಕ್ಷರಗಳಲ್ಲಿ ಸೇರಿಸಿದಳು: ‘ಅರ್ಜಿದಾರರನ್ನು ಹೊರತುಪಡಿಸಿ.’

ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅದನ್ನು ಕಲಿಸಿದವಳೂ ನಾನೇ!

ಸಂಜೆಯ ಬಸ್ಸಿನಲ್ಲಿ ಕುದಿಯುತ್ತ ಮನೆಗೆ ಬಂದೆ. ಫೋನನ್ನು ಮೂವರ ಮುಂದೆ ಹಿಡಿದೆ. “ಇದೇನಿದು?”

ಯಜಮಾನರು ಮೊದಲು ಶರಣಾದರು. “ಏ ರತ್ನಾ, ನಾ ಆಟೋ ಓಡ್ಸಾಂವ. ಹಿಂದ ನೋಡ್ದೆ ನನಗ ಉಸುರೇ ಆಡಂಗಿಲ್ಲ.”

“ಆಯಿ ನೋಡಿದ್ಲು, ಅದಕ್ಕ ನಾನೂ ನೋಡಿದ್ನಿ,” ಎಂದಳು ವಿಶಾಖಾ, ಅಜ್ಜಿಯತ್ತ ಕೈ ತೋರಿಸಿ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆಯೆತ್ತಲಿಲ್ಲ. “ಹೂಂ, ನೋಡ್ದೆ. ಯಾಕ ನೋಡ್ಬಾರದು?”

“ಹಿಂದಿರುಗಿ ನೋಡಬಾರದೆಂದು ಹೇಳಿದವರು ನೀವೇ ಅಲ್ಲವೇ?”

“ಅದು ಚರಗ ಹಾಕಿದಾಕಿಗೆ ವಾ! ಉಳದವ್ರಿಗೆಲ್ಲಿ ಕಟ್ಟಳಿ? ಹೊಲದಾಗ ನೀವೆಲ್ಲ ಹಿಂದ ಮುಂದ ನೋಡ್ಕೋತ ಹರಟಿ ಹೊಡೀತಿದ್ರಿ. ನಾ ಒಬ್ಬಾಕಿನೇ ಇಷ್ಟ್ ವರ್ಷ ಕುತಗಿ ಬಿಗದ ನಡದೀನಿ. ಹಿಂದ ಗಾಳಿಗಿ ಜ್ವಾಳ ಹ್ಯಾಂಗ ತೂಗ್ತಿತ್ತೋ, ಒಂದ್ ಸರ್ತಿನೂ ನೋಡಿಲ್ಲ. ಈ ವರ್ಷ ನೀ ಬುಟ್ಟಿ ಕಸಗೊಂಡಿ. ನಾ ಹೊಳ್ಳಿ ನೋಡೇಬಿಟ್ಟೆ!” ಅವರ ಬೊಚ್ಚುಬಾಯಿ ಪೂರ್ತಿ ಅರಳಿತು. “ಏನ್ ಚಂದ ಇದ್ವು ಅಂತಿ ಆ ಮೀನ!”

ಮೀನಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡು, ಅವರ ಪಕ್ಕದಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದೆ. ಹೇಗೂ ಪೆನ್ನು ಆ ದಿನ ನನ್ನ ಬಳಿ ಇರಲಿಲ್ಲ.