ಪ್ರತಿ ಶುಕ್ರವಾರ ಹುಟ್ಟುಹಬ್ಬ

ನಮ್ಮ ಮನೆಯಲ್ಲಿ ಶುಕ್ರವಾರ ಬಂತೆಂದರೆ ಏನಾದರೊಂದು ಎಡವಟ್ಟು ಆಗಲೇಬೇಕು. ಆಗದಿದ್ದರೂ ಈಗ ಆಗುತ್ತದೆ, ಈಗ ಆಗುತ್ತದೆ ಎಂದು ಕಾದು ಕಾದು ನಾನು ಅರ್ಧ ಜೀವವಾಗಿರುತ್ತೇನೆ.

ಉಡುಪಿ ಕಡೆಯ ಕ್ರೈಸ್ತರು ನಾವು. ರಿಯಾದಿನ ಮಲಾಜ್‌ನಲ್ಲಿ ನಮ್ಮ ಫ್ಲಾಟು. ಇಲ್ಲಿ ಇಗರ್ಜಿ ಇಲ್ಲ, ಚರ್ಚಿಗೆ ಅನುಮತಿಯೇ ಇಲ್ಲ. ಮನೆಯೊಳಗೆ ಸದ್ದಿಲ್ಲದೆ ಪ್ರಾರ್ಥನೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ ಅನ್ನುತ್ತಾರೆ. ಸದ್ದಿಲ್ಲದೆ ಅಂದರೆ ಎಷ್ಟು ಸದ್ದು ಎಂದು ಮಾತ್ರ ಯಾರೂ ಹೇಳಿಲ್ಲ. ನಮ್ಮವರ ಮಕ್ಕಳನ್ನು ಕೂಡಿಸಿಕೊಂಡು ಶುಕ್ರವಾರ ಬೆಳಿಗ್ಗೆ ಬೈಬಲ್ ಪಾಠ ಹೇಳುವವಳು ನಾನು. ಮೊದಲೇ ಕೂತಲ್ಲಿ ಕೂರುವ ಸ್ವಭಾವದವಳಲ್ಲ.

ಹೋದ ವರ್ಷ ಇನ್ನೊಂದು ತಲೆಬಿಸಿ ಸೇರಿತು. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಫಾದರ್ ನನ್ನ ಮಗಳನ್ನು ಪರೀಕ್ಷೆ ಮಾಡುವವರಿದ್ದರು. ಉತ್ತರ ಸರಿಯಾಗಿದ್ದರೆ ಅವಳಿಗೆ ಮೊದಲ ಪರಮಪ್ರಸಾದ, ಅಂದರೆ ಫಸ್ಟ್ ಕಮ್ಯೂನಿಯನ್; ಇಲ್ಲದಿದ್ದರೆ ಮುಂದಿನ ವರ್ಷ. ಊರಲ್ಲಿ ಅತ್ತೆ ಆಗಲೇ ಅದಕ್ಕೆಂದು ಬಿಳಿ ಫ್ರಾಕ್ ಹೊಲಿಸಿ ಇಟ್ಟಿದ್ದರು. ಮುಂದಿನ ವರ್ಷಕ್ಕೆ ಆ ಫ್ರಾಕ್ ಗಿಡ್ಡವಾಗುತ್ತದೆ, ಅತ್ತೆಯ ನಾಲಿಗೆ ಉದ್ದವಾಗುತ್ತದೆ.

ಕೇಕು

ಉಪಾಯ ಹೇಳಿಕೊಟ್ಟವರು ನನ್ನ ಗಂಡ. "ಟೇಬಲ್ ಮೇಲೆ ಒಂದು ಕೇಕ್ ಇಡು. ಯಾರಾದರೂ ಬಂದರೆ ಮಗಳ ಬರ್ತ್‌ಡೇ ಅಂತ ಹೇಳಿದರಾಯ್ತು" ಎಂದರು. ಹೇಳುವುದಕ್ಕೇನು, ಕೇಕ್ ಮಾಡುವವಳು ನಾನಲ್ಲವೇ?

ಬಂದವನು ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಬಂಗಾಳದವನು. ನೀರಿನ ಪೈಪು ನೋಡಲು ಬಂದವನಿಗೆ ಒಂದು ತುಂಡು ಕೊಟ್ಟೆ. ಮುಂದಿನ ಶುಕ್ರವಾರ ಬಲ್ಬು ನೋಡಲು ಬಂದ. ಅದರ ಮುಂದಿನ ಶುಕ್ರವಾರ ಏನು ನೋಡಲು ಬಂದದ್ದೆಂದು ಅವನಿಗೇ ನೆನಪಿರಲಿಲ್ಲ. ಬಾಯಿ ಒರೆಸಿಕೊಳ್ಳುತ್ತಾ ಹಿಂದಿಯಲ್ಲಿ ಹೇಳಿದ: "ಮೇಡಂ, ಈ ಲೆಕ್ಕದಲ್ಲಿ ರಂಜಾನ್ ಬರುವಷ್ಟರಲ್ಲಿ ನಿಮ್ಮ ಮಗಳಿಗೆ ಗಂಡು ಹುಡುಕಬೇಕು."

ಹೋಗುವಾಗ ಬಾಗಿಲ ಹೊರಗಿದ್ದ ಚಪ್ಪಲಿ ರಾಶಿಯನ್ನು ಒಮ್ಮೆ ನೋಡಿದ. ಸುಮ್ಮನೆ ನೋಡಿದ್ದೋ, ಒಳಗೆ ಎಷ್ಟು ಜನ ಎಂದು ಲೆಕ್ಕ ಹಾಕಿದ್ದೋ. ಅಂದಿನಿಂದ ಚಪ್ಪಲಿಗಳನ್ನು ಒಳಗೆ ತಂದು ಪರದೆ ಎಳೆಯುವ ಕೆಲಸ ಮಗಳದ್ದಾಯಿತು. ಪಾಠಕ್ಕಿಂತ ಅದನ್ನೇ ಅವಳು ಶ್ರದ್ಧೆಯಿಂದ ಕಲಿತಳು.

ಮಿಕ್ಸಿ

ಪಾಠದ ಕೊನೆಗೆ ಹಾಡು. ಪಿಸುಮಾತಿನಲ್ಲಿ ಹಾಡಿ ಎಂದರೆ ಮಕ್ಕಳು ಕೇಳುತ್ತಾರೆಯೇ? ಎರಡನೇ ಸಾಲಿಗೇ ಗಂಟಲು ಬಿಚ್ಚುತ್ತಿದ್ದರು. ನಾನು ಅಡುಗೆಮನೆಗೆ ಓಡಿ ಖಾಲಿ ಮಿಕ್ಸಿ ಹಾಕಿ ನಿಲ್ಲುತ್ತಿದ್ದೆ. ಹಾಡು ಮುಗಿಯುವವರೆಗೆ ಅದು ಗುರ್ ಎನ್ನಬೇಕು.

ಒಂದು ಶುಕ್ರವಾರ ಬಾಗಿಲು ತಟ್ಟಿದ ಸದ್ದು. ಮಕ್ಕಳು ಗಪ್‌ಚಿಪ್. ನಾನು ಬೈಬಲನ್ನು ಅಕ್ಕಿ ಡಬ್ಬದೊಳಗೆ ತುರುಕಿ, ಮೂರು ಸಲ ಶಿಲುಬೆ ಗುರುತು ಹಾಕಿಕೊಂಡು ಬಾಗಿಲು ತೆರೆದರೆ, ಪಕ್ಕದ ಫ್ಲಾಟಿನ ಕುಂದಾಪುರದವರು. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಹಿರಿಯರು. ಮುಖ ಗಂಭೀರ.

"ಎಂತ ಬಾಯಮ್ಮ, ಇದು ಸರಿಯಾ?" ಎಂದರು. ಮಗಳ ಬರ್ತ್‌ಡೇ ಎನ್ನಲು ನಾನು ಬಾಯಿ ತೆರೆದೆ.

"ವಾರ ವಾರ ಇಷ್ಟು ಹಿಟ್ಟು ಕಡೀತ್ರಿ, ಒಂದು ದಿನ ಆದ್ರೂ ಒಂದು ದೋಸೆ ಈಚೆ ಬರ್ಲಿಲ್ಲ ಅಲ್ದಾ?"

ಆಮೇಲೆ ನಿಜವಾಗಿಯೂ ಅಕ್ಕಿ ನೆನೆಹಾಕಬೇಕಾಯಿತು. ಉದ್ದದ ಹಾಡಿದ್ದ ವಾರ ಹಿಟ್ಟು ನುಣ್ಣಗೆ, ಸಣ್ಣ ಹಾಡಿನ ವಾರ ತರಿತರಿ. ಕುಂದಾಪುರದವರಿಗೆ ಉದ್ದದ ಹಾಡೇ ಹೆಚ್ಚು ಇಷ್ಟ, ಅದು ಹಾಡೆಂದು ಗೊತ್ತಿಲ್ಲದಿದ್ದರೂ.

ಕುರಿ

ಪರೀಕ್ಷೆ ಹತ್ತಿರ ಬಂತು. ಫಾದರಿಗೆ ಇಷ್ಟವೆಂದು ಕಳೆದುಹೋದ ಕುರಿಯ ಕಥೆಯನ್ನು ಉರು ಹೊಡೆಸಿದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ. ಮಗಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು, "ಮಮ್ಮಿ, ಅವನು ಹಾಗೆ ಹೋದದ್ದು ಕಫೀಲನಿಗೆ ಗೊತ್ತಾದರೆ?"

ಕಫೀಲ್ ಅಂದರೆ ಇಲ್ಲಿ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ. "ಕುರಿಗಳೆಲ್ಲ ಅವನದ್ದೇ ಮಗಾ, ಅವನಿಗೆ ಧಣಿ ಇಲ್ಲ" ಎಂದೆ.

"ಹಾಗಾದರೆ ಅವನೇ ಕಫೀಲ್! ಕಫೀಲ್ ಯಾಕೆ ಬಿಸಿಲಲ್ಲಿ ಹೋಗುವುದು? ಡ್ರೈವರನ್ನು ಕಳಿಸಬಾರದಾ?"

ಫ್ರಾಕ್ ಈ ವರ್ಷ ಪೆಟ್ಟಿಗೆಯಲ್ಲೇ ಎಂದು ನನಗೆ ಅಂದೇ ಅನಿಸಿತು.

ಪರೀಕ್ಷೆ

ಊರಿನ ಇಗರ್ಜಿಯ ಪಕ್ಕದ ಕೋಣೆ. ಕುರ್ಚಿಯಲ್ಲಿ ಫಾದರ್, ಎದುರು ಮಗಳು, ಹಿಂದಿನ ಬೆಂಚಿನಲ್ಲಿ ನಾನು ಮತ್ತು ಅತ್ತೆ. ನಡೆದದ್ದೆಲ್ಲ ಕೊಂಕಣಿಯಲ್ಲಿ.

ಮೊದಲು ಪ್ರಾರ್ಥನೆ ಹೇಳಿಸಿದರು. ಮಗಳ ತುಟಿ ಅಲ್ಲಾಡಿತು, ಸ್ವರ ಕೇಳಲಿಲ್ಲ. ಫಾದರ್ ಬಗ್ಗಿದರು, ಇನ್ನೂ ಬಗ್ಗಿದರು. "ಜೋರಾಗಿ ಹೇಳು ಮಗಾ" ಎಂದರು. ಅವಳು ತಿರುಗಿ, ಹೇಳಲಾ ಎಂಬಂತೆ ನನ್ನ ಮುಖ ನೋಡಿದಳು. ಹೇಳು ಹೇಳು ಎಂದು ತಲೆಯಾಡಿಸಿದೆ. ಒಂದು ತಪ್ಪಿಲ್ಲದೆ ಹೇಳಿದಳು.

"ಭೇಷ್. ಇನ್ನೊಂದೇ ಪ್ರಶ್ನೆ. ಪ್ರಾರ್ಥನೆ ಶುರು ಮಾಡುವ ಮೊದಲು ಏನು ಮಾಡಬೇಕು?"

ಶಿಲುಬೆ ಗುರುತು ಹಾಕಬೇಕು, ಅಷ್ಟೇ. ಹಾಲು ಕುಡಿಯುವ ಮಗುವಿಗೂ ಗೊತ್ತು. ನಾನು ಫಾದರಿಗೆ ಕಾಣದಂತೆ ಹಣೆ ಮುಟ್ಟಿ ತೋರಿಸಿದೆ. ಮಗಳು ನನ್ನತ್ತ ನೋಡಲೇ ಇಲ್ಲ. ಗೊತ್ತಿರುವ ಪ್ರಶ್ನೆ ಬಂದ ಖುಷಿಯಲ್ಲಿ ಗಟ್ಟಿಯಾಗಿ ಹೇಳಿದಳು:

"ಚಪ್ಪಲಿ ಎಲ್ಲ ಒಳಗೆ ತರಬೇಕು. ಪರದೆ ಎಳೆಯಬೇಕು. ಹಾಡುವಾಗ ಮಿಕ್ಸಿ ಹಾಕಬೇಕು. ಬೆಲ್ ಆದರೆ ಹ್ಯಾಪಿ ಬರ್ತ್‌ಡೇ ಹೇಳಬೇಕು."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ನಾನು ನೆಲ ನೋಡಿದೆ. ಫಾದರ್ ಕನ್ನಡಕ ತೆಗೆದು ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ನಗುವೋ ಏನೋ, ತಿಳಿಯಲಿಲ್ಲ.

"ಇವಳು ಪಾಸ್" ಎಂದರು. "ಬರುವ ಆದಿತ್ಯವಾರ ಪರಮಪ್ರಸಾದ. ಆದರೆ ಮಗಾ, ನಮ್ಮಲ್ಲಿ ಮಿಕ್ಸಿ ಇಲ್ಲ. ದೊಡ್ಡ ಗಂಟೆ ಉಂಟು, ನಿನಗಾಗಿ ಜೋರಾಗಿ ಹೊಡೆಸುತ್ತೇನೆ. ಆಗಬಹುದಾ?"

ಮಗಳು ಗಾಬರಿಯಿಂದ ಅವರ ಹತ್ತಿರ ಹೋಗಿ, ಕಿವಿಯಲ್ಲಿ ಪಿಸುಗುಟ್ಟಿದಳು:

"ಗಂಟೆ ಬೇಡ ಫಾದರ್. ಎಲ್ಲರಿಗೂ ಗೊತ್ತಾಗುತ್ತದೆ."