ಲಟಿಕಿ ಬಿಟ್ಟ ಸಲೂನ್

ಮುಂಬೈದ ಭಾಂಡುಪಿನ್ಯಾಗ ಕಟಿಂಗ್ ಸಲೂನ್ ಇಟ್ಕೊಂಡಾವ ಫಜೀತಿ ಹುಡುಕ್ಕೊಂಡು ಹೋಗೂದು ಬ್ಯಾಡ, ಅವು ತಾವೇ ಬಂದು ಕುರ್ಚಿ ಮ್ಯಾಲ ಕುಂದರ್ತಾವ. ಈ ಸಲ ಮಾತ್ರ ಫಜೀತಿ ನನ್ನ ಮೈಮ್ಯಾಲೇ ಬಂತು. ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡ್ಯಾಕ ಹತ್ತಿದ್ವು. ಒಂದಿನ ಗಿರಾಕಿ ಗದ್ದದ ಕೆಳಗ ದಾಡಿ ಮಾಡೂ ವಸ್ತರಾ ಇಟ್ಟೀನಿ, ಅದು ನನ್ನ ಕೈಯಾಗ ಐತೋ ಇಲ್ಲೋ ಅನ್ನೂದೇ ಗೊತ್ತಾಗವಲ್ದು! ಗಿರಾಕಿಗೆ ಏನೂ ಆಗ್ಲಿಲ್ಲ, ದೇವ್ರು ದೊಡ್ಡಾವ. ಸಿಂದಗಿ ಕಡಿಂದ ಬಂದು ಈ ಕೈಯೊಂದನ್ನ ನಂಬಿ ಸಂಸಾರ ಮಾಡಿದಾವ ನಾ. ಕೈ ಹೋದ್ರ ಅಂಗಡಿ ಹೋದಂಗ.

ಮಗಳು ಮುಂಬೈದಾಗ ಹುಟ್ಟಿ ಬೆಳದಾಕಿ, ಆಕಿ ಕನ್ನಡ ಅರ್ಧ ದಾರೀಗೆ ಹಿಂದೀ ಆಗ್ತೈತಿ. "ಪಪ್ಪಾ, ಕಾಂದಿವಲಿ ಮೇ ಒಬ್ರು ಆಸ್ಟಿಯೋಪಥಿ ಡಾಕ್ಟರ್ ಅದಾರ. ಗೋಳಿ ನಹೀ, ಇಂಜೆಕ್ಷನ್ ನಹೀ. ಸಿರ್ಫ್ ಕೈಲೇ ಟ್ರೀಟ್‌ಮೆಂಟ್."

"ಕೈಲೇ ಅಂದ್ರ? ಅದನ್ನ ನಾನೂ ಮಾಡ್ತೀನಲ್ಲ! ಕಟಿಂಗ್ ಸಂಗಾಟ ಪುಕ್ಕಟೆ ಮಾಡ್ತೀನಿ!"

ಸುಳ್ಳೇನಲ್ಲ. ನನ್ನ ಅಂಗಡ್ಯಾಗ ಕಟಿಂಗ್ ಆದ ಮ್ಯಾಲ ತಲೀಗೆ ಎಣ್ಣಿ ತಿಕ್ಕಿ ಚಂಪಿ, ಆಮ್ಯಾಲ ಗದ್ದ ಹಿಡದು ಕುತ್ತಿಗಿ ಗಕ್ಕನ ಬಲಕ್ಕ ತಿರುವಿ ಒಂದು ಲಟಿಕಿ, ಎಡಕ್ಕ ಒಂದು ಲಟಿಕಿ. ಅದರ ಸಲುವಾಗೇ ಬರೂ ಗಿರಾಕಿ ಅದಾರ.

"ಪಪ್ಪಾ, ಅಪಾಯಿಂಟ್‌ಮೆಂಟ್ ಹೋ ಗಯಾ," ಅಂದ್ಳು ಮಗಳು.

ಎಮ್ಮಿ ಸುದ್ದಿ

ದಾದರ್‌ನಾಗ ಲೋಕಲ್ ಬದಲಿಸಿ, ನಾನೂ ನನ್ನ ಹೆಂಡ್ತೀನೂ ಕಾಂದಿವಲಿ ಮುಟ್ಟಿದ್ವಿ. ಡಾಕ್ಟರ್ ಅಂದ್ರ ಸಣ್ಣ ವಯಸ್ಸಿನ ಮೇಡಂ, ಹಿಂದ್ಯಾಗ ಬಾಳ ಸಮಾಧಾನದಿಂದ ಮಾತಾಡಿದ್ರು. ಕೈ ತೋರಿಸಬೇಕಂತ ನಾ ಅಂಗಿ ತೋಳು ಏರಿಸಿದೆ. ಅವರು ಕೈ ನೋಡ್ಲೇ ಇಲ್ಲ, ಪ್ರಶ್ನೆ ಶುರು ಮಾಡಿದ್ರು. ನಿದ್ದಿ ಹ್ಯಾಂಗ ಬರ್ತೈತಿ? ಯಾವ ಮಗ್ಗಲಕ್ಕ ಮಲಗ್ತೀರಿ? ಹೊಟ್ಟಿ ಸಾಫ್ ಆಗ್ತೈತೇನು? ಹಲ್ಲು ಕೀಳಿಸೀರೇನು? ನಮ್ಮ ಬೀಗರೂ ನನ್ನ ಇಷ್ಟು ವಿಚಾರಿಸಿದ್ದಿಲ್ಲ.

"ಸಣ್ಣಾವಿದ್ದಾಗ ಎಲ್ಲಿಂದರ ಬಿದ್ದಿದ್ರೇನು?"

"ನಮ್ಮೂರ ಕೆರಿ ಹತ್ರ ಎಮ್ಮಿ ಮ್ಯಾಲಿಂದ ಬಿದ್ದಿದ್ದೆ ನೋಡ್ರಿ."

"ಯಾವ ಕಡೆ?"

"ಎಮ್ಮಿ ಎಡಕ್ಕ ಹೊಳ್ಳಿತು, ನಾ ಬಲಕ್ಕ ಬಿದ್ದೆ."

ಅದನ್ನೂ ಬರಕೊಂಡ್ರು! ಜೋಮು ಹಿಡದದ್ದು ಮುಂಬೈದಾಗ, ವಿಚಾರಣಿ ನಮ್ಮೂರ ಕೆರಿ ದಂಡಿ ಮ್ಯಾಲ. ನನಗ ತಲಿ ಬುಡ ಒಂದೂ ತಿಳೀಲಿಲ್ಲ. ನಡುವ ನೀರು ಕುಡ್ಯಾಕ ಹೊರಗ ಬಂದಾಗ ಹೆಂಡ್ತಿ ಗಾಬ್ರಿಲೇ ಕೇಳಿದ್ಳು, "ಏನಂದ್ರು?"

"ಎಮ್ಮಿ ಸುದ್ದಿ ಕೇಳಾಕತ್ತಾರ."

ನನ್ನ ಹೆಂಡ್ತಿ ಸೋದರಮಾವನ ಮಗಳು, ಆ ಎಮ್ಮಿ ಆಕಿ ತವರುಮನೀದೇ. ಆಕಿ ಮಾರಿ ಸಣ್ಣದು ಮಾಡ್ಕೊಂಡು ಅಂದ್ಳು, "ಅಯ್ಯ ಶಿವನ, ಅದು ಸತ್ತು ಯಾವ ಕಾಲಾತು! ಈಗ ಎಲ್ಲಿಂದ ತಂದು ತೋರಿಸೂದ್ರಿ?"

ಸುಮ್ನ ನಿಂದ್ರೂದು

ಅಂಗಿ ಬನಿಯನ್ ತಗಿಸಿದ್ರು. ದಿನಾ ಗಿರಾಕಿಗೆ ಬಟ್ಟಿ ಹೊಚ್ಚಾವ ನಾ, ಅವತ್ತು ಎಸಿ ಗಾಳ್ಯಾಗ ಬರೀ ಮೈಯಾಗ ನಿಂತೆ. "ದಿನಾ ಹ್ಯಾಂಗ ನಿಂದರ್ತೀರೋ ಹಂಗೇ ಆರಾಮ ನಿಂದ್ರಿ," ಅಂದ್ರು ಮೇಡಂ. ನಿಂತೆ.

"ಭೈಯಾ, ಬಲಗೈ ಇಳಸ್ರಿ."

ನೋಡಿದ್ರ ನನ್ನ ಬಲಮೊಣಕೈ ಮ್ಯಾಲೆದ್ದೈತಿ, ತಲಿ ಎಡಕ್ಕ ವಾಲೈತಿ, ಭಾರೆಲ್ಲಾ ಒಂದೇ ಕಾಲಿನ ಮ್ಯಾಲ. ಎದುರಿಗೆ ಗಿರಾಕಿ ತಲಿ ಒಂದು ಇಲ್ಲ, ಅಷ್ಟೇ. ಮೊಣಕೈ ಇಳಿಸಿದೆ. ಮೇಡಂ ಬೆನ್ನ ಹಿಂದ ಹೋಗೂದರಾಗ ಅದು ಮತ್ತ ಏರಿತ್ತು.

ಆಮ್ಯಾಲ ಮಲಗಿಸಿ ಪಾದ ಹಿಡಿದ್ರು. "ಮೇಡಂ, ತ್ರಾಸು ಮ್ಯಾಲ ಐತ್ರಿ."

"ಗೊತ್ತು."

ಗೊತ್ತಿದ್ದೂ ಪಾದ ಬಿಡವಲ್ರು! ಪಾದ ಆತು, ಸೊಂಟ ಆತು, ಪಕ್ಕಡಿ ಎಲುಬು ಆತು. ಕಡೀಕ ನನ್ನ ತಲಿ ಕೆಳಗ ಎರಡೂ ಅಂಗೈ ಇಟ್ಟು ಕುಂತ್ರು. ಒತ್ತೂದಿಲ್ಲ, ತಿಕ್ಕೂದಿಲ್ಲ, ಬಡಿಯೂದಿಲ್ಲ. ಮೇಡಂಗೆ ಜೋಂಪು ಹತ್ತಿತೇನು ಅಂತ ಕಣ್ಣು ತಗದು ನೋಡಿದೆ, ಎಚ್ಚರಾನೇ ಇದ್ರು. ಹೊಸದಾಗಿ ಕೆಲಸ ಕಲತವರ ಕೈ ಹಿಂಗೇ ಹೆದರ್ತೈತಿ. ನನಗ ಖರೇನ ಕನಿಕರ ಬಂತು.

"ಸಂಕೋಚ ಮಾಡಬ್ಯಾಡ್ರಿ ಮೇಡಂ," ಅಂದೆ. "ಜೋರಲೇ ಬಡೀರಿ. ಎಣ್ಣಿ ಬೇಕಂದ್ರ ಮುಂದಿನ ಸಲ ನಾನೇ ತರ್ತೀನಿ."

ಒಂದೇ ಸಪ್ಪಳ

ಬೆನ್ನಿನ ಮ್ಯಾಲ್ಭಾಗದಾಗ ಎಲ್ಲೋ ಒತ್ತಿದಾಗ "ಲಟ್" ಅಂತು. ನನಗ ಜೀವ ಬಂದಂಗಾತು. ಇದು ನಮ್ಮ ವಿದ್ಯಾ!

"ಮೇಡಂ, ಆ ಕಡೀದು ಬರ್ಲಿಲ್ಲ?"

ಅವರು ನಕ್ಕರು. ಸಪ್ಪಳ ಅಂದ್ರ ಔಷಧ ಅಲ್ಲಂತ. ಕೀಲಿನೊಳಗ ಗಾಳಿ ಗುಳ್ಳಿ ಇರ್ತಾವ, ಅವುಗಳದೇ ಆಟ ಅಂತ. ಸಪ್ಪಳ ಬರಲಿಲ್ಲಂದ್ರೂ ಕೆಲಸ ಆಗಿರ್ತೈತಂತ. ನಾ ಹೆಮ್ಮೀಲೇ ನನ್ನ ಕುತ್ತಿಗಿ ಲಟಿಕಿ ಸುದ್ದಿ ಹೇಳಿದೆ. ಮೇಡಂ ನಗು ಅಲ್ಲೇ ನಿಂತು ಹೋತು.

"ಭೈಯಾ, ಕುತ್ತಿಗ್ಯಾಗ ಮೆದುಳಿಗೆ ರಕ್ತ ಒಯ್ಯೂ ನಾಳ ಇರ್ತಾವ. ಪರೀಕ್ಷಾ ಮಾಡದ ಹಂಗ ಗಕ್ಕನ ತಿರುವಬಾರ್ದು. ಇವತ್ತಿಂದ ಬಂದ್. ಗಿರಾಕಿಗೂ ಒಳ್ಳೇದಲ್ಲ, ನಿಮ್ಮ ಕೈಗೂ ಒಳ್ಳೇದಲ್ಲ."

ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ ಅನ್ನೂದೇ ದೊಡ್ಡ ಪುಣ್ಯ. ಎರಡು ದಿನ ಮೈ ನೋಯಬಹುದು, ದಣಿವಾಗಬಹುದು, ನೀರು ಕುಡೀರಿ, ಇನ್ನೊಂದೆರಡು ಸಲ ಬರ್ರಿ ಅಂತ ಹೇಳಿ ಕಳಿಸಿದ್ರು. ಮರುದಿನ ಮುಂಜಾನೆ ಹಾಸಿಗಿಯಿಂದ ಏಳಾಕ ಬರವಲ್ದು. ಹೋಗೂವಾಗ ಎರಡು ಬೆರಳಿನ ತ್ರಾಸು ಇತ್ತು, ಬಂದ ಮ್ಯಾಲ ಇಡೀ ಮೈಯಿಂದು.

"ಹ್ಯಾಂಗೈತ್ರಿ ಈಗ?" ಅಂದ್ಳು ಹೆಂಡ್ತಿ.

"ಏಳಾಕ ಬರವಲ್ದು. ಗುಣ ಆಗಾಕತ್ತೈತಿ ಅಂತ ಕಾಣಸ್ತೈತಿ."

ಕುರ್ಚಿ ಬಿಡದ ಕಾಕಾ

ಅಂಗಡ್ಯಾಗ ಲಟಿಕಿ ಬಂದ್ ಮಾಡಿದೆ. ರಿಟೈರ್ ಆದ ಮರಾಠಿ ಕಾಕಾ ಒಬ್ಬರು ನನ್ನ ಹಳೇ ಗಿರಾಕಿ. ಕಟಿಂಗ್ ಮುಗೀತು, ಬಟ್ಟಿ ಝಾಡಿಸಿದೆ, ಏಳವಲ್ರು.

"ಅರೇ, ಕುತ್ತಿಗಿ ಉಳೀತಲ್ಲ!"

"ಡಾಕ್ಟರ್ ಬ್ಯಾಡ ಅಂದಾರ್ರೀ ಕಾಕಾ."

"ನಿನ್ನ ಡಾಕ್ಟರ್ ನಿನಗ ಬ್ಯಾಡ ಅಂದ್ರ ನನ್ನ ಕುತ್ತಿಗಿ ಏನ್ ಮಾಡೈತಿ?"

ಎಷ್ಟು ತಿಳಿಸಿ ಹೇಳಿದ್ರೂ ಕೇಳಲಿಲ್ಲ. ಸಿಟ್ಟಿಲೇ ಎದ್ದು ಹೋದ್ರು. ವಾರದಾಗ ನೋಡ್ತೀನಿ, ನನ್ನ ಗಿರಾಕಿ ಒಬ್ಬೊಬ್ಬರೇ ಎದುರಿನ ಎಸಿ ಸಲೂನಿಗೆ ಹೊಂಟಾರ. ಲಟಿಕಿ ತಗದ್ರ ಕೈ ಹೋಗ್ತೈತಿ, ತಗೀದಿದ್ರ ಅಂಗಡಿ ಹೋಗ್ತೈತಿ. ಊಟ ಸೇರಲಿಲ್ಲ ನನಗ.

"ಯಾರದೋ ಕೆಟ್ಟ ಕಣ್ಣು ಬಿದ್ದೈತಿ," ಅಂತ ಹೆಂಡ್ತಿ ನನ್ನ ಎದುರು ಕುಂತ್ಳು. ಎರಡೂ ಅಂಗೈಲೇ ನನ್ನ ಮಾರಿ ನೀವಳಿಸಿ, ತನ್ನ ಕಪಾಳಕ್ಕ ಬೆರಳು ಒತ್ತಿ ಲಟಲಟ ಲಟಿಕಿ ಮುರದ್ಳು. ಕಣ್ಣು ಮುಚ್ಚಿ ಕುಂತಿದ್ದೆ. ಏನು ಸಪ್ಪಳ ಅದು! ನನ್ನ ಕುತ್ತಿಗೀನೇ ಮುರದಂಗ ಕೇಳಿಸ್ತು.

ಮರುದಿನವೇ ಕಾಕಾನ ಮನೀಗೆ ಹೋಗಿ ಕೈಮುಗದು ಕರಕೊಂಡು ಬಂದೆ. ಕುರ್ಚ್ಯಾಗ ಕುಂದರಿಸಿ, ಗದ್ದ ಹಿಡದಂಗ ಮಾಡಿ, ಕುತ್ತಿಗಿ ತಿರುವದ ಹಂಗ, ಕಿವಿ ಹಿಂದ ನನ್ನ ಎಡಗೈ ಕಿರಿಬೆರಳಿನ ಲಟಿಕಿ ಮುರದೆ. ಲಟ್!

"ಆಹಾಹಾ!" ಅಂದ್ರು ಕಾಕಾ, ಕಣ್ಣು ಮುಚ್ಚಿ. "ಹಿಂಗ ಎಂದೂ ತಗದಿದ್ದಿಲ್ಲ ಬಿಡು. ಈಗ ಆ ಕಡೀದು."

ಅದೇ ಬೆರಳು ಮತ್ತ ಎಳದೆ, ಸಪ್ಪಳ ಇಲ್ಲ. ಗಾಳಿ ತುಂಬೂತನಕ ಒಮ್ಮೆ ಮುರದ ಬೆರಳು ಎರಡನೇ ಸಲ ಮಾತಾಡೂದಿಲ್ಲ. ಗಡಬಡಿಸಿ ಉಂಗುರದ ಬೆರಳು ಮುರದೆ. ಕಾಕಾ ಖುಷಿ.

ಸುದ್ದಿ ಹಬ್ಬಿತು, ಗಿರಾಕಿ ಹೊಳ್ಳಿ ಬಂದ್ರು. ದೇವ್ರು ಕೊಟ್ಟದ್ದು ಹತ್ತೇ ಬೆರಳು, ಗಿರಾಕಿಗೆ ಎರಡೆರಡು ಬೇಕು. ಭಾನುವಾರ ಬೆರಳೆಲ್ಲಾ ಖಾಲಿ ಆದ್ರ ಚಹಾ ತರಿಸಿ, "ತಡೀರಿ, ನಿಮ್ಮ ಕುತ್ತಿಗಿ ಇನ್ನಾ ಹದಕ್ಕ ಬಂದಿಲ್ಲ," ಅಂತ ಕುಂದರಸ್ತಿದ್ದೆ.

ಮುಂದಿನ ಸಲ ಕಾಂದಿವಲಿಗೆ ಹೋದಾಗ ಜೋಮು ಮುಕ್ಕಾಲು ಪಾಲು ಹೋಗಿತ್ತು. ಖುಷಿಲೇ ಕಣ್ಣಾಗ ನೀರೇ ಬಂದ್ವು. ಮೇಡಂಗೂ ಸಂತೋಷ ಆತು. ಆಮ್ಯಾಲ ನನ್ನ ಕೈ ಹಿಡದು ಬೆರಳು ಒಂದೊಂದೇ ಮುಟ್ಟಿ ನೋಡಿದ್ರು. "ಭೈಯಾ, ಬೆರಳಿನ ಗೆಣ್ಣೆಲ್ಲಾ ಯಾಕ ಊದ್ಯಾವ? ಏನ್ ಮಾಡಾಕತ್ತೀರಿ?"

"ಏನೂ ಮಾಡಿಲ್ರೀ ಮೇಡಂ. ಗಿರಾಕಿ ಕುತ್ತಿಗಿ ತಿರುವೂದು ಬಿಟ್ಟೀನಲ್ಲ, ಅದಕ್ಕೇ ನನ್ನ ಬೆರಳು ಊದ್ಯಾವ."

ಮೇಡಂ ನನ್ನ ಮಾರಿ ನೋಡಿದ್ರು, ಬೆರಳು ನೋಡಿದ್ರು, ಆಮ್ಯಾಲ ಪೆನ್ ಕೆಳಗಿಟ್ಟು ತಮ್ಮ ಕುತ್ತಿಗೀನ ತಾವೇ ಹಿಡ್ಕೊಂಡು ಕುಂತ್ರು.