ಜಯನಗರದ ಹಾರ್ಡ್ ರಾಕ್ ವಿದ್ವಾನ್

ಗಿಟಾರ್ ಕೈಗೆತ್ತಿಕೊಂಡ ದಿನದಿಂದ ಇಂಥದ್ದೆಲ್ಲ ನನಗೆ ಆಗುತ್ತಲೇ ಬಂದಿದೆ, ಕೆಳಗಿಟ್ಟರೂ ನಿಲ್ಲುತ್ತದೆ ಅಂತ ನಂಬಿಕೆಯಿಲ್ಲ. ಹಾರ್ಡ್ ರಾಕ್ ನುಡಿಸುವವರು ಬೇರೆ ದೇಶಗಳಲ್ಲಿ ಹೋಟೆಲ್ ರೂಮಿನ ಟಿವಿಯನ್ನು ಕಿಟಕಿಯಿಂದ ಆಚೆಗೆ ಎಸೆಯುತ್ತಾರೆ ಅಂತ ಪತ್ರಿಕೆಯಲ್ಲಿ ಓದಿದ್ದೆ. ನಾನು ತೊಂಬತ್ತರ ದಶಕದಲ್ಲಿ, ಜಯನಗರದಲ್ಲಿ ಗಿಟಾರಿಸ್ಟ್ ಆದವನು. ನಮ್ಮ ಮನೆಯ ಟಿವಿ ಮೇಲೆ ಅಮ್ಮ ಕಸೂತಿ ಬಟ್ಟೆ ಹಾಸಿ ಎರಡು ಗೊಂಬೆ ಕೂರಿಸಿದ್ದಳು. ಎಸೆಯುವುದಿರಲಿ, ಅದರ ಸೌಂಡು ಜಾಸ್ತಿ ಮಾಡಬೇಕಾದರೂ ಅವಳನ್ನು ಕೇಳಬೇಕಿತ್ತು.

ಅಪ್ಪ ಬ್ಯಾಂಕಿನಲ್ಲಿದ್ದರು. ಕರ್ನಾಟಕ ಸಂಗೀತದ ಹುಚ್ಚು. ರಾಮನವಮಿ ಬಂತೆಂದರೆ ಆಫೀಸಿನಿಂದ ಸೀದಾ ಸಂಗೀತ ಕಚೇರಿಗೆ ಹೋಗಿ, ತೊಡೆಯ ಮೇಲೆ ತಾಳ ಹಾಕುತ್ತಾ ಮಂಗಳ ಹಾಡುವ ತನಕ ಕೂತಿರುವವರು. ನನಗಿದ್ದದ್ದು ಒಂದೇ ಆಸೆ. ಅಪ್ಪ ಒಂದು ಸಲ, ಒಂದೇ ಒಂದು ಸಲ, ನನ್ನ ಎದುರು ಕೂತು ನಾನು ನುಡಿಸುವುದನ್ನು ಕೊನೆಯ ತನಕ ಕೇಳಬೇಕು. ಮೆಚ್ಚುವುದು ಬೇಡ, ನಡುವೆ ಎದ್ದು ಹೋಗದಿದ್ದರೆ ಸಾಕು. ಕರೆದಾಗಲೆಲ್ಲ ಅವರು ಹೇಳುತ್ತಿದ್ದದ್ದು, "ನೋಡಪ್ಪಾ, ನನಗಿರೋದು ಒಂದೇ ಜೊತೆ ಕಿವಿ."

ತಪ್ಪು ಸ್ವರ

ನಾನು ಕಲಿಯುತ್ತಿದ್ದದ್ದು ಬ್ಲೂಸ್. ಅಮೆರಿಕದ ಕಪ್ಪು ಜನರ ಹಳೆಯ ದುಃಖದ ಸಂಗೀತ, ಹಾರ್ಡ್ ರಾಕ್‌ಗೆ ಅದೇ ತಾಯಿಬೇರು. ಮಹಡಿ ಮೇಲಿನ ರೂಮಿನಲ್ಲಿ ದಿನಾ ಸಾಯಂಕಾಲ ಅಭ್ಯಾಸ. ಒಂದು ದಿನ ಎದುರುಮನೆ ಅಂಕಲ್ ಮೆಟ್ಟಿಲು ಹತ್ತಿ ಬಂದರು. ರಿಟೈರ್ ಆದವರು, ಪಿಟೀಲು ಕಲಿತವರು. ಗದ್ದಲದ ದೂರು ಹೇಳಲು ಬಂದಿದ್ದಾರೆ ಅಂದುಕೊಂಡು ನಾನು ಮೊದಲೇ ಮುಖ ಸಣ್ಣದು ಮಾಡಿಕೊಂಡೆ.

"ಶುದ್ಧ ಧನ್ಯಾಸಿ ಅಭ್ಯಾಸ ಮಾಡ್ತಿದೀಯೇನಪ್ಪಾ?" ಅಂದರು.

"ಇಲ್ಲ ಅಂಕಲ್, ಇದು ಬ್ಲೂಸ್."

"ನೀನು ಏನಾದ್ರೂ ಕರಿ. ಸ ಗ ಮ ಪ ನಿ. ರಾಗ ಸರಿಯಾಗೇ ಹೋಗ್ತಿದೆ. ಆದ್ರೆ ಮಧ್ಯಮಕ್ಕೂ ಪಂಚಮಕ್ಕೂ ನಡುವೆ ಒಂದು ಸ್ವರ ತಪ್ಪು ಬೀಳ್ತಿದೆ. ದಿನಾ ಬೀಳ್ತಿದೆ. ಇವತ್ತು ತಿದ್ಕೋತಾನೆ, ನಾಳೆ ತಿದ್ಕೋತಾನೆ ಅಂತ ಕಿಟಕಿ ಹತ್ರ ಕೂತು ಕಾಯ್ತಾನೇ ಇದೀನಿ."

ಆ ಸ್ವರವೇ ಬ್ಲೂಸ್‌ನ ಪ್ರಾಣ. ಅದು ಕೈಗೆ ಬರಲಿ ಅಂತಲೇ ನಾನು ಬೆರಳು ಸವೆಸುತ್ತಿದ್ದದ್ದು. ತಾಳ್ಮೆಯಿಂದ ವಿವರಿಸಿದೆ. "ಅಂಕಲ್, ಅದು ತಪ್ಪಲ್ಲ, ಬೇಕಂತಲೇ ಹಾಕೋದು. ಆ ಸ್ವರದಲ್ಲೇ ದುಃಖ ಇರೋದು."

"ಇದೆಯಪ್ಪಾ," ಅಂದರು ಅಂಕಲ್, "ನನಗೆ ಪ್ರತಿ ಸಲಾನೂ ಆಗ್ತಿದೆ."

ಅವರು ಕೆಳಗಿಳಿದು ಹೋಗುವಾಗ ಅಪ್ಪನ ಹತ್ತಿರ, ಹುಡುಗ ಚುರುಕಾಗಿದ್ದಾನೆ, ಆ ಒಂದು ಸ್ವರ ತಿದ್ದಿಕೊಂಡರೆ ಮುಂದೆ ಬರುತ್ತಾನೆ ಅಂತ ಹೇಳಿದರಂತೆ. ಊಟಕ್ಕೆ ಕೂತಾಗ ಅಪ್ಪ ಸಾರು ಕಲಸುತ್ತಾ ಬಹಳ ಮೃದುವಾಗಿ ಕೇಳಿದರು. "ಇಷ್ಟೊಂದು ಸ್ವರ ಇದಾವಲ್ಲೋ. ಅದೊಂದನ್ನ ಬಿಟ್ಟುಬಿಟ್ರೆ ನಿನಗೇನು ನಷ್ಟ?"

ಪೂಜೆಗೆ ಕೂತ ಗಿಟಾರ್

ಆ ಹೊತ್ತಿಗೆ ನಮ್ಮದೊಂದು ಬ್ಯಾಂಡ್ ಆಗಿತ್ತು. ಕಾಲೇಜುಗಳ ನಡುವೆ ಒಂದು ದೊಡ್ಡ ರಾಕ್ ಸ್ಪರ್ಧೆ, ಅದೂ ನವರಾತ್ರಿಯಲ್ಲಿ. ಅಪ್ಪನನ್ನು ಕರೆದೆ. ಒಂದೇ ಜೊತೆ ಕಿವಿ ಅಂದರು. ಸ್ಪರ್ಧೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಮಂಚದ ಪಕ್ಕದಲ್ಲಿ ಗಿಟಾರ್ ಇಲ್ಲ. ಹುಡುಕಿಕೊಂಡು ಹೋದರೆ ದೇವರ ಮನೆಯಲ್ಲಿ, ಸರಸ್ವತಿ ಫೋಟೋ ಮುಂದೆ, ನನ್ನ ತಂಗಿಯ ಪುಸ್ತಕಗಳಿಗೆ ಒರಗಿಕೊಂಡು ಕೂತಿದೆ. ಅರಿಶಿನ, ಕುಂಕುಮ, ಸೇವಂತಿಗೆ ಹಾರ. ತಂತಿಗಳ ನಡುವೆ ಒಂದು ಮಲ್ಲಿಗೆ ದಂಡೆ.

"ವಿಜಯದಶಮಿ ತನಕ ಮುಟ್ಟೋ ಹಾಗಿಲ್ಲ," ಅಂದಳು ಅಮ್ಮ. "ವಾದ್ಯ ಅಲ್ವೇನೋ ಅದು?"

ನಮ್ಮ ಮನೆಯಲ್ಲಿ ನನ್ನ ಗಿಟಾರನ್ನು ವಾದ್ಯ ಅಂತ ಒಪ್ಪಿಕೊಂಡ ಮೊದಲಿಗಳು ಅಮ್ಮ. ಒಪ್ಪಿಕೊಳ್ಳಲು ಅವಳಿಗೆ ಆ ದಿನವೇ ಸಿಗಬೇಕಾಗಿತ್ತೆ? ಬೇಡಿಕೊಂಡೆ, ಗೋಗರೆದೆ, ಸಾಯಂಕಾಲ ಸ್ಪರ್ಧೆ ಇದೆ ಅಂದೆ. ಪೇಪರ್ ಹಿಂದಿನಿಂದ ಅಪ್ಪನ ಧ್ವನಿ ಬಂತು. "ಹೈಸ್ಕೂಲಲ್ಲಿ ಗಣಿತದ ಪುಸ್ತಕ ಎಲ್ಲಾರಿಗಿಂತ ಮುಂಚೆ ಪೂಜೆಗಿಟ್ಟು, ಹಬ್ಬ ಮುಗಿಯೋ ತನಕ ಮುಟ್ಟದೇ ಇದ್ದೋನು ಇವನೇ ಅಲ್ವಾ? ಆ ಭಕ್ತಿ ಈಗೆಲ್ಲಿಗೆ ಹೋಯ್ತು?"

ಕೊನೆಗೆ ಅಮ್ಮನೇ ಕರಗಿದಳು. ಅಕ್ಷತೆ ಹಾಕಿ, ದೇವಿಯ ಹತ್ತಿರ ಕ್ಷಮೆ ಕೇಳಿ, ವಿಸರ್ಜನೆಯ ಲೆಕ್ಕಕ್ಕೆ ಗಿಟಾರನ್ನು ಉತ್ತರಕ್ಕೆ ಕೊಂಚ ಸರಿಸಿ ಕೊಟ್ಟಳು. ಒಂದು ಷರತ್ತು ಇತ್ತು. ಹೂವು ಕೀಳಬಾರದು, ಕುಂಕುಮ ಒರೆಸಬಾರದು.

ಕಪ್ಪು ಟೀ ಶರ್ಟು, ಭುಜದ ತನಕ ಕೂದಲು, ಕೈಯಲ್ಲಿ ಮದುಮಗಳ ಹಾಗೆ ಅಲಂಕಾರ ಮಾಡಿಕೊಂಡ ಗಿಟಾರ್. ವೇದಿಕೆ ಹತ್ತಿದಾಗ ಮುಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ನುಡಿಸುತ್ತಾ ನುಡಿಸುತ್ತಾ ಬೆವರಿಗೆ ಕುಂಕುಮ ಕರಗಿತು. ಬೆರಳು, ಅಂಗೈ, ಮಣಿಕಟ್ಟು ಎಲ್ಲ ಕೆಂಪು. ನಗು ನಿಂತೇ ಹೋಯಿತು. "ಮಗಾ, ರಕ್ತ ಬರ್ತಿದೆ, ಆದ್ರೂ ನಿಲ್ಲಿಸ್ತಿಲ್ಲ ನೋಡು" ಅಂತ ಯಾರೋ ಹೇಳಿದ್ದು ನನಗೇ ಕೇಳಿಸಿತು. ಅಷ್ಟು ಚಪ್ಪಾಳೆ ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬಹುಮಾನ ಬರಲಿಲ್ಲ, ಹೆಸರು ಬಂತು. ದಸರಾ ರಜೆ ಮುಗಿದು, ನಿಜವಾದ ಗಾಯವೂ ವಾಸಿಯಾಗುವಷ್ಟು ದಿನ ಕಳೆದ ಮೇಲೆ ನಾನು ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಕಾಲೇಜಿಗೆ ಹೋದೆ.

ಕೆಳಗಿನ ಮನೆಯವರು

ಕಾಲೇಜು ಮುಗಿದ ಮೇಲೆ ಬಿಟಿಎಂ ಲೇಔಟಿನಲ್ಲಿ ಬ್ಯಾಂಡಿಗಾಗಿ ಒಂದು ರೂಮು ಹಿಡಿದೆವು. ಕೆಳಗೆ ಧಾರವಾಡದ ಕಡೆಯವರೊಬ್ಬರು ಬಾಡಿಗೆಗಿದ್ದರು. ರಾತ್ರಿ ಪಾಳಿ ಕೆಲಸ, ಹಗಲು ನಿದ್ದೆ. ನಾವು ಜೋರಾಗಿ ನುಡಿಸುತ್ತಿದ್ದದ್ದೂ ಹಗಲೇ. ಒಂದು ಮಧ್ಯಾಹ್ನ ಲುಂಗಿಯಲ್ಲೇ ಮೇಲೆ ಬಂದು ಬಾಗಿಲು ತಟ್ಟಿದರು.

"ನಾ ಬ್ಯಾಡ ಅನ್ನಾಂಗಿಲ್ರಿ ಸರ, ಬಾರಸ್ರಿ," ಅಂದರು. "ಆದ್ರ ಒಂದ ಹಾಡರೆ ಪೂರಾ ಮುಗಸ್ರಿ. ಬಂದಾಗಿಂದ ಕೇಳಾಕತ್ತೇನಿ, ಬರೇ ಶುರು ಆಗ್ತದ, ಅರ್ಧಕ್ಕ ನಿಲ್ತದ. ಮುಂದೇನಾತು, ಮುಂದೇನಾತು ಅಂತ ನಿದ್ದೀನ ಬರವಲ್ದು."

ಮಾತು ನಿಜ. ಹಾಡಿನ ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಗಾಯಕನಿಗೂ ಡ್ರಮ್ಮರ್‌ಗೂ ಜಗಳ ಹತ್ತುತ್ತಿತ್ತು. ಅವತ್ತು ನಾಚಿಕೊಂಡು, ಹಲ್ಲು ಕಚ್ಚಿ, ಮೊದಲ ಸಲ ಒಂದು ಹಾಡನ್ನು ಕೊನೆ ಮುಟ್ಟಿಸಿದೆವು. ಕೆಳಗಿನಿಂದ ಚಪ್ಪಾಳೆ ಕೇಳಿಸಿತು. ನಾವು ಹಿಗ್ಗಿ ಇನ್ನೊಂದು ಶುರು ಮಾಡುವಷ್ಟರಲ್ಲಿ ಮೆಟ್ಟಿಲ ಬುಡದಿಂದ ಕೂಗಿದರು. "ಮುಗೀತಲ್ರಿ? ಇನ್ನ ಮಕ್ಕೊಳ್ರಿ ನೀವೂ."

ಹೆಣ್ಣು ನೋಡಲು ಹೋದದ್ದು

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ನಾನು ಪದ್ಮನಾಭನಗರದಲ್ಲಿ ಮಕ್ಕಳಿಗೆ ಗಿಟಾರ್ ಪಾಠ ಹೇಳುತ್ತಿದ್ದೆ, ವಾರದ ಕೊನೆಗೆ ಪಬ್ಬುಗಳಲ್ಲಿ ನುಡಿಸುತ್ತಿದ್ದೆ. ಮದುವೆ ಮಾತು ಬಂದಾಗ ಅತ್ತೆಯೊಬ್ಬಳು ಉತ್ತರಹಳ್ಳಿಯ ಮನೆಯೊಂದಕ್ಕೆ "ಹುಡುಗ ಸಂಗೀತದಲ್ಲಿದಾನೆ" ಅಂತಷ್ಟೇ ಹೇಳಿ ನಿಲ್ಲಿಸಿದ್ದಳು. ಹಾಗಾದರೆ ವಾದ್ಯ ತನ್ನಿ ಅಂತ ಅವರೇ ಹೇಳಿಕಳಿಸಿದರು. ಗಿಟಾರ್ ಹಿಡಿದುಕೊಂಡೆ. ಆಂಪ್ಲಿಫೈಯರ್ ಹೊತ್ತುಕೊಂಡು ಹೆಣ್ಣು ನೋಡಲು ಹೋಗುವುದು ಚೆನ್ನಾಗಿರಲ್ಲ ಅಂತ ಅಮ್ಮ ಅದನ್ನು ಬಿಡಿಸಿದಳು.

ಉಪ್ಪಿಟ್ಟು, ಕೇಸರಿಬಾತ್ ಆಯಿತು. "ಒಂದು ದೇವರನಾಮ ಹೇಳಮ್ಮಾ" ಅಂದರು ಯಾರೋ. ಹುಡುಗಿ ತಲೆಯೆತ್ತಿ, "ನನಗೆ ಹಾಡೋಕೆ ಬರಲ್ಲ. ಅವರಿಗೆ ಬರುತ್ತಲ್ಲ, ಅವರೇ ನುಡಿಸ್ಲಿ" ಅಂದಳು. ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಮ್ಮ ಅಜ್ಜಿ, ಅಮ್ಮ, ಅತ್ತೆಯರೆಲ್ಲ ಎಂಥ ಹಿಂಸೆ ದಾಟಿ ಬಂದಿದ್ದಾರೆ ಅಂತ ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು.

ನುಡಿಸಿದೆ. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟಿಲ್ಲದಿದ್ದರೆ ಸೊಳ್ಳೆ ಗುಂಯ್ ಅಂದಷ್ಟೇ ಸದ್ದು. ಎಲ್ಲರೂ ಮುಂದಕ್ಕೆ ಬಾಗಿದರು, ಕಿವಿಗೆ ಕೈ ಅಡ್ಡ ಹಿಡಿದರು. ಹುಡುಗಿಯ ತಾತನಿಗೆ ಕಿವಿ ಮಂದ. ಅವರು ಸುತ್ತಲೂ ನೋಡಿ, "ಇವತ್ತು ಎಲ್ಲಾರಿಗೂ ನನ್ನ ಹಾಗೇ ಆಗಿದೆ" ಅಂತ ಸಮಾಧಾನಪಟ್ಟರು.

ಹುಡುಗಿಯ ಸೋದರಮಾವ ಸುಮ್ಮನಿರುವವರಲ್ಲ. ಬೀದಿಯ ಭಜನಾ ಮಂಡಳಿಯ ಮೈಕ್ ಸೆಟ್ ಅವರ ಮನೆಯಲ್ಲೇ ಇತ್ತು. ತಂದು ಸಿಕ್ಕಿಸಿದರು. ಅದರ ಎರಡು ಹಾರ್ನ್‌ಗಳು ತಾರಸಿಯ ಮೇಲೆ ಊರಿಗೆ ಮುಖ ಮಾಡಿಕೊಂಡಿವೆ ಅಂತ ಹೇಳಲು ಮರೆತರು. ನಾನು ಒಂದೇ ಒಂದು ತಂತಿ ಮೀಟಿದೆ. ಎದುರುಮನೆಯ ನಾಯಿ ಬಾಲ ಮುದುರಿಕೊಂಡು ಓಡಿತು. ಅಕ್ಕಪಕ್ಕದವರೆಲ್ಲ ಏನಾಯ್ತು ಅಂತ ಗೇಟಿನ ಹತ್ತಿರ ಬಂದು ನಿಂತರು. ಅಪ್ಪ ಆಗಲೇ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು.

ಸದ್ದು ಅಡಗಿತು. ಸಂಬಂಧ ಮುರಿಯಿತು ಅಂತ ನಾನು ಗಿಟಾರ್ ಚೀಲದ ಜಿಪ್ ಎಳೆಯುತ್ತಿದ್ದೆ. ಆಗ ತಾತ ಕೋಲು ಊರಿ ಎದ್ದು ನಿಂತರು. ಆ ಮನೆಯಲ್ಲಿ ಅವರ ಮಾತೇ ಕಡೆಯದು.

"ಎಷ್ಟು ವರ್ಷ ಆಗಿತ್ತು, ಒಂದಾದ್ರೂ ಸ್ಪಷ್ಟವಾಗಿ ಕೇಳಿ. ಹುಡುಗ ಒಳ್ಳೆಯವನು. ತಾಂಬೂಲ ತಗೊಳ್ಳಿ."

ಗಣಪತಿ ಪೆಂಡಾಲು

ಮದುವೆಯಾಯಿತು. ಅಪ್ಪ ರಿಟೈರ್ ಆದರು. ಆಸೆ ಹಾಗೆಯೇ ಉಳಿದಿತ್ತು. ಒಂದು ವರ್ಷ ನಮ್ಮ ಬೀದಿಯ ಗಣಪತಿ ಉತ್ಸವಕ್ಕೆ ಬರಬೇಕಾಗಿದ್ದ ಆರ್ಕೆಸ್ಟ್ರಾದ ಗಾಯಕನಿಗೆ ಗಂಟಲು ಕಟ್ಟಿತು. ಕಮಿಟಿಯ ಸೆಕ್ರೆಟರಿ ನಮ್ಮ ಮನೆಗೆ ಬಂದರು. "ಬೇರೆ ದಾರಿ ಇಲ್ಲ ಸಾರ್, ನೀವೇ ಮಾಡಿಕೊಡಿ. ಮೊದಲು ಒಂದು ಗಣೇಶನ ಸ್ತುತಿ ಇರ್ಲಿ. ಆಮೇಲೆ ನಿಮ್ಮದೇನಿದೆಯೋ ಅದು."

ಅಪ್ಪ ಕಮಿಟಿಯ ಹಿರಿಯರು. ಮೊದಲ ಸಾಲಿನ ನಡುವಿನ ಕುರ್ಚಿ ಅವರದ್ದೇ. ಆ ಸಂಜೆ ಬೇರೆಲ್ಲೂ ಕಚೇರಿಯಿಲ್ಲ ಅಂತ ನಾನೇ ವಿಚಾರಿಸಿಕೊಂಡಿದ್ದೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅಂದು ಸಂಜೆ ಪಂಚೆ, ಶಲ್ಯದಲ್ಲಿ ಬಂದು ಕೂತರು. ಹಿಂದೆ ಬೀದಿಯ ಅಂಕಲ್‌ಗಳು, ಆಂಟಿಗಳು, ರಾಮನವಮಿಯಲ್ಲಿ ಅಪ್ಪನ ಜೊತೆ ತಾಳ ಹಾಕುವ ಅದೇ ಬಳಗ. ಶ್ರುತಿ ಮಾಡಿಟ್ಟಿದ್ದ ಗಿಟಾರನ್ನೇ ನಾನು ಮತ್ತೆ ಮೂರು ಸಲ ಶ್ರುತಿ ಮಾಡಿದೆ.

ಸ್ತುತಿ ಚೆನ್ನಾಗಿಯೇ ಹೋಯಿತು. ಆಮೇಲೆ ನಮ್ಮ ಸ್ವಂತ ಹಾಡು. ಅದರ ನಡುವೆ ಗಿಟಾರಿಗೇ ಬಿಟ್ಟುಕೊಟ್ಟ ನನ್ನ ದೊಡ್ಡ ಸೋಲೋ. ಗಾಯಕ ಮೈಕು ಬಿಟ್ಟು ಪಕ್ಕಕ್ಕೆ ಸರಿದ, ನಾನು ಮುಂದೆ ಬಂದೆ.

ನಮ್ಮ ಕಡೆ ಕಚೇರಿಗಳಲ್ಲಿ ಒಂದು ಪದ್ಧತಿಯುಂಟು. ಹಾಡುವವರು ಸುಮ್ಮನಾಗಿ ಮೃದಂಗದವರಿಗೆ ಒಬ್ಬರೇ ನುಡಿಸುವ ತನಿ ಬಿಟ್ಟುಕೊಟ್ಟರೆಂದರೆ ಅರ್ಧ ಸಭೆ ಕಾಫಿಗೆ ಏಳುತ್ತದೆ, ಕುರ್ಚಿ ಕೈತಪ್ಪದಿರಲಿ ಅಂತ ಕರ್ಚೀಫು ಹಾಕಿ ಹೋಗುತ್ತದೆ. ನಮ್ಮ ಗಾಯಕ ಬಾಯಿ ಮುಚ್ಚಿದ್ದನ್ನು ಕಂಡದ್ದೇ ತಡ, ಬಳಗಕ್ಕೆ ಬಳಗವೇ ಎದ್ದಿತು. ಒಂದೊಂದೇ ಸಾಲು ಖಾಲಿಯಾಯಿತು. ಲೈಟಿನ ಎದುರು ನನಗೆ ಹೋಗುವವರ ಬೆನ್ನು ಕಂಡಿತು, ಅಷ್ಟೇ.

ಅಪ್ಪ ಏಳಲಿಲ್ಲ.

ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಬೆರಳು ಎಣಿಸುತ್ತಾ ತಾಳ ಹಾಕುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಸೋಲೋ ಮುಗಿಯುವ ಜಾಗ ಬಂತು, ನಾನು ಮುಗಿಸಲಿಲ್ಲ. ನಿಲ್ಲಿಸಿದರೆ ಎದ್ದು ಹೋಗುತ್ತಾರೇನೋ ಅಂತ ಭಯ. ಡ್ರಮ್ಮರ್ ಕಣ್ಣಲ್ಲೇ ಬೇಡಿಕೊಂಡ, ಗಾಯಕ ಎರಡು ಸಲ ಮೈಕಿನ ಹತ್ತಿರ ಬಂದು ವಾಪಸ್ಸು ಹೋದ. ಗೊತ್ತಿದ್ದದ್ದೆಲ್ಲ ನುಡಿಸಿದೆ. ಗೊತ್ತಿಲ್ಲದ್ದನ್ನೂ ನುಡಿಸಿದೆ. ಕೊನೆಗೆ ಬೆರಳೇ ಸೋತು ನಿಂತಿತು.

ಇಳಿದು ಓಡಿ ಹೋದೆ. "ಅಪ್ಪಾ, ನೀವು ಪೂರ್ತಿ ಕೂತು ಕೇಳಿದ್ರಾ?"

ಅಪ್ಪ ಶಲ್ಯ ಸರಿಮಾಡಿಕೊಂಡು ಗಣಪತಿಯ ಕಡೆ ನೋಡಿದರು. "ಏನ್ ಮಾಡ್ಲಪ್ಪಾ? ಎಲ್ಲಾರೂ ಕಾಫಿಗೆ ಎದ್ರು. ಸೀಟು ನೋಡ್ಕೊಳ್ಳಿ ಅಂತ ಕರ್ಚೀಫು ಹಾಕ್ಬಿಟ್ಟು ಹೋದ್ರು. ಯಾರಾದ್ರೂ ಒಬ್ರು ಕೂತಿರ್ಬೇಕಲ್ಲ." ಹೇಳಿ ಮನೆ ಕಡೆ ನಡೆದುಬಿಟ್ಟರು.

ಇಷ್ಟು ವರ್ಷ ಕಾದು ಸಿಕ್ಕಿದ ಒಬ್ಬ ಶ್ರೋತೃ, ಅವರೂ ಕುರ್ಚಿ ಕಾಯಲು ಕೂತವರು. ಜೋಲುಮುಖ ಹಾಕಿಕೊಂಡು ವೈರು ಸುತ್ತಿಟ್ಟು, ಸೆಕ್ರೆಟರಿಯ ಜೊತೆ ಕುರ್ಚಿ ಜೋಡಿಸಲು ಹೋದೆ. ಮೊದಲ ಸಾಲು ನೋಡಿದೆ, ಎರಡನೆಯದು ನೋಡಿದೆ, ಬಗ್ಗಿ ಕೆಳಗೂ ನೋಡಿದೆ.

"ಏನ್ ಹುಡುಕ್ತಿದೀರಾ ಸಾರ್?" ಅಂದರು ಸೆಕ್ರೆಟರಿ.

"ಕರ್ಚೀಫು. ಕಾಫಿಗೆ ಹೋದೋರು ಸೀಟಿಗೆ ಹಾಕಿ ಹೋಗಿದ್ರಂತಲ್ಲ."

"ಯಾವ ಕಾಫಿ ಸಾರ್? ನೀವೊಬ್ರೇ ನುಡಿಸೋಕೆ ಶುರು ಮಾಡಿದ ತಕ್ಷಣ ಎಲ್ಲಾ ಮನೆಗೆ ಹೋದ್ರು. ಕರ್ಚೀಫು ಹಾಕೋದು ವಾಪಸ್ ಬರೋರು."

ಖಾಲಿ ಪೆಂಡಾಲಿನಲ್ಲಿ ಅವತ್ತು ನನ್ನಷ್ಟು ಸಂತೋಷದಿಂದ ಕುರ್ಚಿ ಜೋಡಿಸಿದ ಗಿಟಾರಿಸ್ಟ್ ಈ ಭೂಮಿಯ ಮೇಲೆ ಇನ್ನೊಬ್ಬ ಇರಲಾರ.